ದಿವಾಳಿಯೇ ಆಗದ ಊರು

2023ರ ಅಕ್ಟೋಬರ್ 24ರಂದು ವಿಜಯದಶಮಿ. ಹಿಂದಿನ ದಿನದ ಆಯುಧಪೂಜೆಯಲ್ಲಿ ಅಪ್ಪನ ಸ್ಕೂಟರು, ಅಡುಗೆಮನೆಯ ಮಿಕ್ಸರು, ಈಳಿಗೆಮಣೆಗಳ ಸಾಲಿನಲ್ಲಿ ನನ್ನ ಕಂಪ್ಯೂಟರನ್ನೂ ಇಟ್ಟು ಅವ್ವ ಕುಂಕುಮ ಹಚ್ಚಿ ಚೆಂಡುಹೂವಿನ ಸರ ಹಾಕಿದ್ದಳು. ಹದಿನೈದು ದಿನಗಳ ಹಿಂದಷ್ಟೇ ಆ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದೆ. ಅದರ ಬೆಲೆಯನ್ನು ಅವ್ವನಿಗೆ ಅರ್ಧ ಮಾಡಿ ಹೇಳಿದ್ದೆ. ಪೂಜೆಗೆ ಇಟ್ಟದ್ದನ್ನು ಆ ದಿನ ಮುಟ್ಟಬಾರದೆಂಬುದು ನಮ್ಮ ಮನೆಯ ನಿಯಮವಾದ್ದರಿಂದ ಒಂದು ದಿನ ಹೇಗೋ ತಡೆದುಕೊಂಡು, ಮರುದಿನ ಸಂಜೆ ಓಣಿಯ ಹಿರಿಯರ ಕಾಲಿಗೆರಗಿ, "ಬನ್ನಿ ತೊಗೊಂಡು ಬಂಗಾರದಂಗ ಇರೋಣ" ಎಂದು ಬನ್ನಿ ಎಲೆ ಹಂಚಿ ಬಂದವನೇ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡೆ. ಆ ದಿನ 'ಸಿಟೀಸ್: ಸ್ಕೈಲೈನ್ಸ್ 2' ಬಿಡುಗಡೆಯಾಗಲಿತ್ತು. ಅದರ ಮೊದಲ ಭಾಗ ಬಂದದ್ದು 2015ರ ಮಾರ್ಚ್ 10ರಂದು. ನಡುವಿನ ಎಂಟೂವರೆ ವರ್ಷಗಳಲ್ಲಿ ನಾನು ಆ ಮೊದಲ ಆಟದಲ್ಲಿ ಎಷ್ಟು ಗಂಟೆ ಕಳೆದಿದ್ದೇನೆಂಬ ಲೆಕ್ಕವನ್ನು ಆಟಗಳನ್ನು ಮಾರುವ ಸ್ಟೀಮ್ ತಾಣ ಇಟ್ಟಿದೆ, ಆದರೆ ಅದನ್ನು ಇಲ್ಲಿ ಬರೆಯುವಷ್ಟು ಧೈರ್ಯ ನನಗಿಲ್ಲ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ಊರು ಕಟ್ಟುವ ಆಟ. ಇದರಲ್ಲಿ ಗುಂಡು ಹಾರಿಸುವುದಿಲ್ಲ, ಯಾರನ್ನೂ ಗೆಲ್ಲುವುದಿಲ್ಲ. ಖಾಲಿ ನೆಲದ ಮೇಲೆ ಹೆದ್ದಾರಿಯಿಂದ ಒಂದು ರಸ್ತೆ ತೆಗೆದು, ಇಲ್ಲಿ ಮನೆಗಳು, ಇಲ್ಲಿ ಅಂಗಡಿಗಳು, ಇಲ್ಲಿ ಕಾರ್ಖಾನೆಗಳು ಎಂದು ಬಣ್ಣ ಬಳಿದರೆ ಜನ ಬಂದು ನೆಲೆಸುತ್ತಾರೆ. ಅವರಿಗೆ ನೀರು, ವಿದ್ಯುತ್ತು, ಶಾಲೆ, ಬಸ್ಸು, ಕೊನೆಗೆ ಸ್ಮಶಾನವನ್ನೂ ಒದಗಿಸುವುದು ಆಟಗಾರನ ಹೊಣೆ. ನನ್ನ ಹೊಟ್ಟೆಪಾಡಿನ ಕೆಲಸವೂ ಒಳಚರಂಡಿಯ ನಕ್ಷೆಗಳನ್ನು ಬರೆಯುವುದೇ ಆಗಿರುವುದರಿಂದ, ಹಗಲೆಲ್ಲ ಕೊಳವೆ ಎಳೆದು ರಾತ್ರಿಯೂ ಕೊಳವೆ ಎಳೆಯುವ ನನ್ನ ಹುಚ್ಚು ಮನೆಯವರಿಗೆ ಇಂದಿಗೂ ಅರ್ಥವಾಗಿಲ್ಲ.

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು, ಏಕೆಂದರೆ ಈ ಆಟ ಹುಟ್ಟಿ ಬೆಳೆದದ್ದೇ ಇನ್ನೊಂದು ಆಟದ ಉತ್ತರಭಾಗ ಮಾಡಿದ ನಿರಾಶೆಯ ಮೇಲೆ. ಕಾಲೇಜಿನ ಹಾಸ್ಟೆಲಿನಲ್ಲಿ ನಾನು ಕಲಿತದ್ದು 2003ರಲ್ಲಿ ಬಂದ 'ಸಿಮ್‌ಸಿಟಿ 4'. ಅದರ ಮುಂದಿನ ದೊಡ್ಡ ಆಟಕ್ಕಾಗಿ ಅಭಿಮಾನಿಗಳು ಹತ್ತು ವರ್ಷ ಕಾದರು. 2013ರ ಮಾರ್ಚಿನಲ್ಲಿ ಬಂದ 'ಸಿಮ್‌ಸಿಟಿ' ಒಬ್ಬನೇ ಕುಳಿತು ಆಡಿದರೂ ಇಂಟರ್‌ನೆಟ್ ಸಂಪರ್ಕವನ್ನು ಕಡ್ಡಾಯ ಮಾಡಿತ್ತು, ಮತ್ತು ಬಿಡುಗಡೆಯ ವಾರದಲ್ಲೇ ಅದರ ಸರ್ವರುಗಳು ಕುಸಿದು, ದುಡ್ಡು ಕೊಟ್ಟವರು ಬಾಗಿಲಲ್ಲಿ ನಿಂತು ಕಾಯುವಂತಾಯಿತು. ಪ್ರಕಾಶಕರಾದ ಎಲೆಕ್ಟ್ರಾನಿಕ್ ಆರ್ಟ್ಸ್ ಕ್ಷಮೆಯ ಲೆಕ್ಕದಲ್ಲಿ ಇನ್ನೊಂದು ಆಟವನ್ನು ಉಚಿತವಾಗಿ ಕೊಟ್ಟರು. ಅದಕ್ಕಿಂತ ನೋವಿನ ಸಂಗತಿ ನಗರದ ಗಾತ್ರದ್ದು: ಎರಡು ಕಿಲೋಮೀಟರ್ ಉದ್ದ, ಎರಡು ಕಿಲೋಮೀಟರ್ ಅಗಲ, ಅಷ್ಟೇ. ಅಷ್ಟರಲ್ಲಿ ನಮ್ಮ ಧಾರವಾಡದ ಜುಬಿಲಿ ಸರ್ಕಲ್‌ನ ಸುತ್ತಲಿನ ಪೇಟೆಯೇನೋ ಕೂತೀತು, ಊರು ಕೂರುವುದಿಲ್ಲ. ಇನ್ನು ಅಲ್ಲಿನ ಜನರ ಬದುಕೋ, ಬೆಳಿಗ್ಗೆ ಮನೆಯಿಂದ ಹೊರಟ ಮನುಷ್ಯ ಮೊದಲು ಸಿಕ್ಕ ಖಾಲಿ ಕೆಲಸಕ್ಕೆ ಸೇರಿಕೊಂಡು, ಸಂಜೆ ಮೊದಲು ಸಿಕ್ಕ ಖಾಲಿ ಮನೆಗೆ ನುಗ್ಗಿ ಮಲಗುತ್ತಿದ್ದ. ಇಂಟರ್‌ನೆಟ್ ಇಲ್ಲದೆ ಆಡುವ ಅವಕಾಶ ಬಂದದ್ದು ಒಂದು ವರ್ಷದ ನಂತರ. 2015ರ ಮಾರ್ಚ್ ಮೊದಲ ವಾರದಲ್ಲಿ ಆ ಆಟವನ್ನು ಮಾಡಿದ ಮ್ಯಾಕ್ಸಿಸ್‌ನ ಎಮರಿವಿಲ್ ಸ್ಟುಡಿಯೋವನ್ನು ಮುಚ್ಚಲಾಯಿತು. ಸರಿಯಾಗಿ ಅದರ ಮುಂದಿನ ವಾರವೇ ಫಿನ್‌ಲೆಂಡಿನ ಟಾಂಪೆರೆ ಎಂಬ ಊರಿನ ಕೊಲಾಸಲ್ ಆರ್ಡರ್ ಎಂಬ, ಬೆರಳೆಣಿಕೆಗಿಂತ ತುಸು ಹೆಚ್ಚು ಜನರಿದ್ದ ಕಂಪನಿಯಿಂದ 'ಸಿಟೀಸ್: ಸ್ಕೈಲೈನ್ಸ್' ಹೊರಬಂತು. ಒಂದೇ ದಿನದಲ್ಲಿ ಎರಡೂವರೆ ಲಕ್ಷ ಪ್ರತಿಗಳು ಮಾರಾಟವಾದವು, ತಿಂಗಳೊಳಗೆ ಹತ್ತು ಲಕ್ಷ. ಹಸಿದವರ ಪಂಕ್ತಿಗೆ ಯಾರೋ ಬಡಿಸಲು ಬಂದಂತಿತ್ತು ಅದು.

ಆ ಮೊದಲ ಆಟವೂ ಸುಳ್ಳು ಹೇಳುತ್ತಿತ್ತು ಎಂಬುದನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ. ಆರು ಲೇನಿನ ರಸ್ತೆ ಕಟ್ಟಿಕೊಟ್ಟರೂ ಮುಂದಿನ ತಿರುವಿನ ಧ್ಯಾನದಲ್ಲಿ ಎಲ್ಲ ಲಾರಿಗಳೂ ಒಂದೇ ಲೇನಿನಲ್ಲಿ ಮೈಲುದ್ದ ಸಾಲುಗಟ್ಟಿ ನಿಲ್ಲುತ್ತಿದ್ದವು. ಬಹಳ ಹೊತ್ತು ನಿಂತ ಗಾಡಿ ಕಣ್ಣೆದುರೇ ಮಾಯವಾಗುತ್ತಿತ್ತು. ಮನೆಯಿಂದ ನಡೆದು ಹೊರಟವನು ಇದ್ದಕ್ಕಿದ್ದಂತೆ ಜೇಬಿನಿಂದ ತೆಗೆದವನ ಹಾಗೆ ಒಂದು ಕಾರನ್ನು ಪ್ರಕಟಿಸಿ, ಅದರಲ್ಲಿ ಕುಳಿತು ಹೋಗುತ್ತಿದ್ದ. ಒಂದು ಬಡಾವಣೆಯನ್ನು ಒಟ್ಟಿಗೆ ಕಟ್ಟಿದರೆ ಅಲ್ಲಿಗೆ ಬಂದವರೆಲ್ಲ ಒಂದೇ ವಯಸ್ಸಿನವರಾಗಿದ್ದು, ಕೆಲವು ವರ್ಷಗಳ ನಂತರ ಒಂದೇ ಸಲಕ್ಕೆ ಸಾಯುತ್ತಿದ್ದರು. ಶವವಾಹನಗಳಿಂದಲೇ ಊರಿನ ರಸ್ತೆಗಳೆಲ್ಲ ಕಟ್ಟಿಹೋಗುತ್ತಿದ್ದವು. ಬೀದಿಯಲ್ಲಿ ಒಂದು ಹೊತ್ತಿಗೆ ಓಡಾಡಬಹುದಾದ ಜನರ ಸಂಖ್ಯೆಗೆ 65,536ರ ಮಿತಿಯಿತ್ತು, ಊರಿನಲ್ಲಿ ಎಷ್ಟು ಲಕ್ಷ ಜನರಿದ್ದರೂ ಅಷ್ಟೇ. ಆಡುವವರಿಗೆ ಇವೆಲ್ಲ ಗೊತ್ತಿದ್ದವು. ಬಯಲಾಟದಲ್ಲಿ ಭೀಮನ ಗದೆ ರಟ್ಟಿನದೆಂದು ಗೊತ್ತಿದ್ದೂ ಬೆಳಗಿನವರೆಗೆ ಕುಳಿತು ನೋಡುತ್ತೇವಲ್ಲ, ಅಂಥದೇ ಒಪ್ಪಂದ ಅದು.

ಗೊತ್ತಿದ್ದೂ ಆಡಿದ್ದಕ್ಕೆ ಒಂದು ಕಾರಣವಿತ್ತು. ಆ ಆಟದಲ್ಲಿ ಮಾಡಿದ್ದಕ್ಕೆ ಫಲ ಉಣ್ಣಲೇಬೇಕಿತ್ತು. ಮೊದಲ ವಾರದಲ್ಲೇ ಕೊಳಚೆ ನೀರಿನ ಕೊಳವೆಯ ಬಾಯಿಯನ್ನು ಕುಡಿಯುವ ನೀರಿನ ಪಂಪಿನ ಮೇಲ್ಭಾಗದ ಹೊಳೆಗೆ ಬಿಟ್ಟು ಊರಿಗೆ ಊರೇ ಕಾಯಿಲೆ ಬೀಳುವಂತೆ ಮಾಡಿದವನು ನಾನು, ಅದೂ ಇದೇ ಕಸುಬಿನವನಾಗಿ. ಒಂದು ರಾತ್ರಿ ಸಾಲ ತೀರಿಸಲಾಗದೆ ಅಗ್ನಿಶಾಮಕ ಠಾಣೆ ಮುಚ್ಚಿದ್ದೆ, ಮರುದಿನ ಆ ಬಡಾವಣೆ ಸುಟ್ಟುಹೋಯಿತು. ಇಂಥ ಪೆಟ್ಟುಗಳನ್ನು ತಿಂದೇ ಆ ಊರಿನ ಮೇಲೆ ಮಮತೆ ಬೆಳೆಯುವುದು.

ಆ ಮಮತೆಯ ಜೋರಿನಲ್ಲಿ ನಾನು ಹುಬ್ಬಳ್ಳಿ–ಧಾರವಾಡವನ್ನೇ ಕಟ್ಟಲು ಹೊರಟೆ. ಚಿಗರಿ ಬಸ್ಸುಗಳು ಓಡಲು ಆರಂಭಿಸಿದ ಹೊಸದು, 2018ರ ಕೊನೆಯ ತಿಂಗಳುಗಳು. ರಸ್ತೆಯ ನಡುಮಧ್ಯದ ನಿಲ್ದಾಣ, ಬಸ್ಸಿಗಷ್ಟೇ ಮೀಸಲಾದ ಲೇನು, ಬಲಗಡೆ ತೆರೆದುಕೊಳ್ಳುವ ಬಾಗಿಲು, ಇವನ್ನೆಲ್ಲ ದಿನಾ ನೋಡುತ್ತಿದ್ದವನಿಗೆ ಅದನ್ನು ಆಟದಲ್ಲಿ ಮಾಡಿ ನೋಡದೆ ಇರಲಾಗಲಿಲ್ಲ. ಎರಡು ಊರುಗಳ ನಡುವಿನ ಆ ಬಸ್ ಮಾರ್ಗ ಸುಮಾರು 22 ಕಿಲೋಮೀಟರ್. ಆಟ ಮೂಲದಲ್ಲಿ ಕೊಡುವ ಒಂಬತ್ತು ಚೌಕಗಳ ನೆಲ ಒಂದು ಬದಿಗೆ ಆರು ಕಿಲೋಮೀಟರನ್ನೂ ಮುಟ್ಟುವುದಿಲ್ಲ. ಆದರೆ ಆಟಗಾರರೇ ಮಾಡಿ ಹಂಚಿಕೊಂಡ ಒಂದು 'ಮಾಡ್', ಅಂದರೆ ಆಟವನ್ನು ಮಾರ್ಪಡಿಸುವ ಚಿಕ್ಕ ತಂತ್ರಾಂಶ, ಹಾಕಿಕೊಂಡರೆ ಎಂಬತ್ತೊಂದು ಚೌಕಗಳೂ ತೆರೆದುಕೊಂಡು ಹದಿನೇಳು ಕಿಲೋಮೀಟರಿಗೆ ಮೀರಿದ ಉದ್ದ ಸಿಗುತ್ತಿತ್ತು. ಇನ್ನೊಬ್ಬ ಅಪರಿಚಿತ, ಯಾವ ದೇಶದವನೋ ಏನೋ, ನಡುರಸ್ತೆಯ ಬಸ್ ನಿಲ್ದಾಣವನ್ನು ಮಾಡಿಟ್ಟಿದ್ದ. ಮತ್ತೊಂದು ಮಾಡ್ ಒಂದೊಂದು ಸಿಗ್ನಲಿನ ಒಂದೊಂದು ಲೇನಿಗೂ ಯಾವ ಕಡೆ ತಿರುಗಬೇಕೆಂದು ಬುದ್ಧಿ ಹೇಳುವ ಸೌಲಭ್ಯ ಕೊಟ್ಟಿತು, ಲಾರಿಗಳ ಒಂಟಿಸಾಲಿನ ಹುಚ್ಚು ಅಷ್ಟಕ್ಕೆ ಬಹುಪಾಲು ಇಳಿಯಿತು. ಹೀಗೆ ಹತ್ತಾರು ಜನರ ಕೈಕೆಲಸವನ್ನು ಜೋಡಿಸಿ, ಉಣಕಲ್ ಕೆರೆಯನ್ನು ಅಂದಾಜಿನ ಮೇಲೆ ತೋಡಿ, ನವಲೂರನ್ನು ಸ್ವಲ್ಪ ಇತ್ತ ಎಳೆದು, ಚೆನ್ನಮ್ಮ ಸರ್ಕಲ್‌ನಲ್ಲಿ ಏಳು ಸಲ ಸೋತು, ಎಂಟನೆಯ ಸಲಕ್ಕೆ ಗಾಡಿಗಳು ಹರಿಯುವಂತೆ ಮಾಡಿದ ದಿನ ತಮ್ಮನಿಗೆ ಮಿರ್ಚಿಭಜಿ ಕೊಡಿಸಿದ್ದೆ. ನಾನು ಎರಡನೆಯ ಭಾಗಕ್ಕಾಗಿ ಕಾದದ್ದು ಈ ಊರನ್ನು ಎದುರಿಗಿಟ್ಟುಕೊಂಡು. ಇದು ಮುಂದೆ ಲೆಕ್ಕಕ್ಕೆ ಬರುತ್ತದೆ.

ಕಾಯುವಂತೆ ಮಾಡುವುದರಲ್ಲಿ ಕಂಪನಿಯದೂ ಪಾಲಿತ್ತು. 2023ರ ಮಾರ್ಚಿನಲ್ಲಿ ಆಟವನ್ನು ಘೋಷಿಸಿದ ಮೇಲೆ ಬೇಸಿಗೆಯಿಂದ ಆಚೆಗೆ ಒಂದೊಂದೇ ವೈಶಿಷ್ಟ್ಯವನ್ನು ವಿವರಿಸುವ ಬರಹ ಮತ್ತು ವಿಡಿಯೋಗಳನ್ನು ಬಿಡುತ್ತ ಬಂದರು. ಈ ಸಲ ಪ್ರತಿಯೊಬ್ಬ ಪ್ರಜೆಗೂ ತನ್ನದೇ ಬಾಳುವೆ ಇದೆ ಎಂದರು. ದಾರಿ ಆರಿಸುವಾಗ ಸಮಯ, ಸುಖ, ಹಣ, ನಡವಳಿಕೆ ಎಂಬ ನಾಲ್ಕು ಸಂಗತಿಗಳನ್ನು ತೂಗಿ ನೋಡುತ್ತಾರಂತೆ; ಹದಿಹರೆಯದವರು ದುಡ್ಡು ಉಳಿಸಲು ನೋಡಿದರೆ ದುಡಿಯುವವರು ಸಮಯವನ್ನು ಉಳಿಸುತ್ತಾರಂತೆ, ಮುದುಕರಿಗೆ ಸುಖವಾಗಿ ತಲುಪಿದರೆ ಸಾಕಂತೆ. ಕಾರ್ಖಾನೆಗೆ ಕಚ್ಚಾ ಮಾಲು ಬಂದು, ಅಲ್ಲಿಂದ ಸರಕು ಹೊರಟು, ಅಂಗಡಿಯ ಕಪಾಟಿಗೇರಿ, ಮನೆಯವರು ಕೊಳ್ಳುವ ತನಕದ ಸರಪಳಿ ಪೂರ್ತಿಯಾಗಿ ಲೆಕ್ಕಕ್ಕೆ ಸಿಗುತ್ತದೆಂದರು. ಅಂದರೆ ರಟ್ಟಿನ ಗದೆಯ ಒಪ್ಪಂದವನ್ನು ಅವರೇ ರದ್ದು ಮಾಡಿ, ಈ ಸಲ ಗದೆ ಕಬ್ಬಿಣದ್ದು ಎಂದು ಸಾರಿದರು. ನಾನು ಆ ಬರಹಗಳನ್ನು ಒಂದನ್ನೂ ಬಿಡದೆ ಓದಿದೆ. ಬಿಡುಗಡೆಗೆ ಒಂದು ತಿಂಗಳಿರುವಾಗ ಬೇಕಾಗುವ ಕಂಪ್ಯೂಟರಿನ ಮಟ್ಟವನ್ನು ಆರ್‌ಟಿಎಕ್ಸ್ 3080 ಎಂಬ ಮೇಲ್ದರ್ಜೆಯ ಗ್ರಾಫಿಕ್ಸ್ ಕಾರ್ಡಿನವರೆಗೆ ಏರಿಸಿದಾಗ, ಕೆಲವೇ ದಿನಗಳಿರುವಾಗ ವೇಗದ ವಿಷಯದಲ್ಲಿ ತಾವಿಟ್ಟುಕೊಂಡ ಗುರಿಯನ್ನು ಮುಟ್ಟಿಲ್ಲವೆಂದು ಅವರೇ ಹೇಳಿಕೊಂಡಾಗ ಎಚ್ಚರಗೊಳ್ಳಬೇಕಿತ್ತು. ಮದುವೆಯ ಹಿಂದಿನ ದಿನ ಬೀಗರ ಬಗ್ಗೆ ಚಾಡಿ ಹೇಳಿದರೆ ಯಾರು ಕೇಳುತ್ತಾರೆ?

ವೇಗದ ವಿಷಯವನ್ನು ಬೇಗನೆ ಮುಗಿಸುತ್ತೇನೆ, ಏಕೆಂದರೆ ಅದನ್ನು ಜಗತ್ತೆಲ್ಲ ಆಗಲೇ ಆಡಿ ಮುಗಿಸಿದೆ. ಆಟ ನಿಧಾನವಾಗಿತ್ತು. ಬಾಗಿಲಲ್ಲಿ ಚೂಡಾ ಮುಕ್ಕುತ್ತ ನಿಂತಿದ್ದ ತಮ್ಮ, "ಅಣ್ಣಾ, ಹೊಸಾ ಕಾರ್ಡ್ ಹಾಕ್ಸೀನಿ ಅಂದಿದ್ದೆಲ್ಲಾ, ಇದ್ಯಾಕ ಹಳೇ ಬಸ್ ಘಾಟಿ ಏರಿಧಂಗ ಏರಾಕತ್ತೈತಿ?" ಎಂದ. ಅವ್ವ ಒಳಗಿನಿಂದ ಕಾರ್ಡಿನ ಬೆಲೆಯನ್ನು ಮತ್ತೊಮ್ಮೆ ಕೇಳಿದಳು, ನಾನು ಅರ್ಧದ ಲೆಕ್ಕಕ್ಕೇ ಅಂಟಿಕೊಂಡೆ. ಕೆಲವು ದಿನಗಳಲ್ಲೇ ಕುತೂಹಲಿಗಳು ಆಟದ ಒಡಲನ್ನು ಬಿಚ್ಚಿ ನೋಡಿ, ಬೀದಿಯಲ್ಲಿ ನಡೆಯುವ ಪ್ರತಿ ಮನುಷ್ಯನ ಬಾಯೊಳಗೂ ಹಲ್ಲುಗಳನ್ನು ಬಿಡಿಬಿಡಿಯಾಗಿ ಕಡೆದಿಟ್ಟಿರುವುದನ್ನು ಪತ್ತೆಹಚ್ಚಿದರು. ಆಕಾಶದಿಂದ ನೋಡುವವನಿಗೆ ಇರುವೆಯಷ್ಟು ಕಾಣುವ ಮನುಷ್ಯ ಬಾಯಿ ತೆರೆಯುವುದೂ ಇಲ್ಲ, ಆದರೂ ದೂರಕ್ಕೆ ತಕ್ಕಂತೆ ವಿವರ ಕಡಿಮೆ ಮಾಡುವ ವ್ಯವಸ್ಥೆ ಪೂರ್ತಿಯಾಗಿರಲಿಲ್ಲವಾದ್ದರಿಂದ ಗ್ರಾಫಿಕ್ಸ್ ಕಾರ್ಡು ಆ ಹಲ್ಲುಗಳ ಭಾರವನ್ನೂ ಹೊರುತ್ತಿತ್ತು. ಇದನ್ನು ಕಂಪನಿಯೂ ಒಪ್ಪಿಕೊಂಡಿತು. ನನ್ನ ಸಂಬಳದ ಒಂದಿಷ್ಟು ಪಾಲು ಯಾರೋ ಕಾಲ್ಪನಿಕ ಜನರ ದವಡೆಹಲ್ಲಿಗೆ ಸಂದಿದೆ ಎಂದು ಆಮೇಲೆ ಎಷ್ಟೋ ಸಲ ನಕ್ಕಿದ್ದೇನೆ. ಆದರೆ ನಿಧಾನಗತಿ ಒಂದು ಕಾಯಿಲೆಯಷ್ಟೇ, ಔಷಧ ಕೊಟ್ಟರೆ ಇಳಿಯುತ್ತದೆ, ಮುಂದಿನ ಅಪ್‌ಡೇಟುಗಳಲ್ಲಿ ಬಹಳಷ್ಟು ಇಳಿಯಿತು ಕೂಡ. ನನ್ನ ದೂರು ಅದರದ್ದಲ್ಲ.

ಒಳ್ಳೆಯದನ್ನೂ ಹೇಳಬೇಕು. ಮೊದಲ ರಾತ್ರಿ ರಸ್ತೆ ಎಳೆಯುವ ಸುಖ ಎಷ್ಟಿತ್ತೆಂದರೆ, ಎರಡು ಗಂಟೆ ಕಾಲ ನಾನು ಒಂದು ಮನೆಯನ್ನೂ ಕಟ್ಟಲಿಲ್ಲ. ಒಂದು ರಸ್ತೆಯ ಪಕ್ಕಕ್ಕೆ ಇನ್ನೊಂದನ್ನು ಸಮಾನಾಂತರವಾಗಿ ಎಳೆಯುವುದು, ಕೂಡುರಸ್ತೆಯ ಮೇಲೆ ವೃತ್ತವನ್ನು ಹಾಗೆಯೇ ಇಳಿಸಿಬಿಡುವುದು, ಇರುವ ರಸ್ತೆಗೆ ಮರದ ಸಾಲು ಸೇರಿಸುವುದು, ಮೊದಲ ಆಟದಲ್ಲಿ ಮಾಡ್‌ಗಳನ್ನು ಬೇಡಿ ಪಡೆಯಬೇಕಿದ್ದ ಇಂಥ ಎಷ್ಟೋ ಅನುಕೂಲಗಳು ಇಲ್ಲಿ ಮೊದಲೇ ಇದ್ದವು. ರಸ್ತೆ ಹಾಕಿದರೆ ಸಾಕು, ಅದರಡಿಯಲ್ಲಿ ನೀರು ಮತ್ತು ಕೊಳಚೆಯ ಕೊಳವೆಗಳೂ ವಿದ್ಯುತ್ ತಂತಿಯೂ ತಾವಾಗಿಯೇ ಬಂದುಬಿಡುತ್ತಿದ್ದವು. ನನ್ನ ಕಚೇರಿಯಲ್ಲಿ ಹೀಗೆ ಆಗುವಂತಿದ್ದರೆ ನನ್ನ ಕೆಲಸವೇ ಇರುತ್ತಿರಲಿಲ್ಲ. ನೆಲವೂ ಧಾರಾಳವಾಗಿತ್ತು, 441 ಚಿಕ್ಕ ಚೌಕಗಳ ವಿಸ್ತಾರ. ಚೆನ್ನಮ್ಮ ಸರ್ಕಲ್‌ ಅನ್ನು ಈ ಸಲ ಮೂರನೆಯ ಪ್ರಯತ್ನಕ್ಕೇ ಗೆದ್ದೆ.

ಸುಮಾರು ಒಂದು ತಿಂಗಳು ಆಡಿದ ಮೇಲೆ, ಊರಿನ ಜನಸಂಖ್ಯೆ ನಲವತ್ತು ಸಾವಿರದ ಆಸುಪಾಸಿನಲ್ಲಿದ್ದಾಗ, ಒಂದು ಭಾನುವಾರ ಮಧ್ಯಾಹ್ನ ಆದಾಯ–ವೆಚ್ಚದ ಪುಟವನ್ನು ಸಾವಧಾನವಾಗಿ ಓದಿದೆ. ಅಲ್ಲಿಯವರೆಗೆ ಖಜಾನೆಯ ಮೊತ್ತ ಏರುತ್ತಿದ್ದುದನ್ನು ಕಂಡು ನನ್ನ ಯೋಜನೆಯ ಜಾಣ್ಮೆಯೆಂದೇ ಬೀಗಿದ್ದೆ. ಖರ್ಚು ತೆರಿಗೆಯ ಆದಾಯವನ್ನು ಮೀರಿತ್ತು. ಆದರೂ ಊರು ನಡೆಯುತ್ತಿತ್ತು, ಏಕೆಂದರೆ ಆದಾಯದ ಪಟ್ಟಿಯಲ್ಲಿ ಸರ್ಕಾರಿ ಅನುದಾನವೆಂಬ ಸಾಲೊಂದಿತ್ತು. ಊರು ಕೊರತೆ ಅನುಭವಿಸುತ್ತಿದ್ದರೆ ಮೇಲಿನಿಂದ ಯಾರೋ ದುಡ್ಡು ಸುರಿದು ಸರಿದೂಗಿಸುತ್ತಾರೆ. ಇದರ ಜೊತೆಗೆ ಊರು ಬೆಳೆದ ಒಂದೊಂದು ಹಂತಕ್ಕೂ ಬಹುಮಾನದ ಹಣ ಬೇರೆ. ಯಾವುದೇ ಪುರಸಭೆಯವರು ಇದನ್ನು ಕೇಳಿದರೆ ಹೊಟ್ಟೆ ಉರಿದುಕೊಂಡಾರು.

ಅನುಮಾನ ಬಂದ ಮೇಲೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಬೇಕೆಂದೇ ದುಂದು ಮಾಡಿದೆ. ನಲವತ್ತು ಸಾವಿರ ಜನರಿಗೆ ಬೇಕಾದ್ದಕ್ಕಿಂತ ದೊಡ್ಡ ವಿಶ್ವವಿದ್ಯಾಲಯ ಕಟ್ಟಿದೆ, ತೆರಿಗೆ ಇಳಿಸಿದೆ, ಯಾರೂ ಹತ್ತದ ಮೆಟ್ರೋ ಮಾರ್ಗವೊಂದನ್ನು ಕೆರೆಯ ಸುತ್ತ ಎಳೆದೆ. ಮೊದಲ ಆಟದಲ್ಲಾಗಿದ್ದರೆ ಇಂಥ ಆಡಳಿತಕ್ಕೆ ಅರ್ಧ ಗಂಟೆಯೊಳಗೆ ಖಜಾನೆ ಬರಿದಾಗಿ ನಾನು ಸಾಲಪತ್ರದ ಮುಂದೆ ಕೈಕಟ್ಟಿ ನಿಂತಿರುತ್ತಿದ್ದೆ. ಇಲ್ಲಿ ಅನುದಾನದ ಸಾಲು ಹಿಗ್ಗಿತು, ಅಷ್ಟೇ. ಸರಕು ಸಾಗಣೆಯ ರಸ್ತೆಯನ್ನು ಅಗಲ ಮಾಡಿದರೂ ಕಿರಿದು ಮಾಡಿದರೂ ಅಂಗಡಿಗಳ ಹಣೆಬರಹದಲ್ಲಿ ನನ್ನ ಕಣ್ಣಿಗೆ ಬೀಳುವಂಥ ಬದಲಾವಣೆ ಆಗಲಿಲ್ಲ. ನನ್ನ ಹಾಗೆ ಕೆದಕಿ ನೋಡಿದವರು ಬೇರೆ ದೇಶಗಳಲ್ಲೂ ಬಹಳ ಮಂದಿ ಇದ್ದರು, ಅವರ ತಕರಾರೂ ಇದೇ ಆಗಿತ್ತು. ಗಡಿಯಾರ ಚೆಂದವಿದೆ, ಒಳಗೆ ಚಕ್ರಗಳೂ ತಿರುಗುತ್ತಿವೆ, ಆದರೆ ಮುಳ್ಳಿಗೂ ಚಕ್ರಕ್ಕೂ ನಂಟಿಲ್ಲವೇನೋ ಎಂಬ ಗುಮಾನಿ.

ಆ ಭಾನುವಾರದ ನಂತರ ನನಗೆ ಆ ಊರಿನ ಮೇಲೆ ಆಸ್ಥೆ ಹೋಯಿತು. ತಪ್ಪು ಮಾಡಿದರೂ ಕೆಡದ ಊರನ್ನು ಸರಿಯಾಗಿ ಕಟ್ಟಿದ್ದೇನೆಂಬ ಹೆಮ್ಮೆಗೆ ಏನರ್ಥ? ಚೆನ್ನಮ್ಮ ಸರ್ಕಲ್‌ನಲ್ಲಿ ಮೂರೇ ಪ್ರಯತ್ನಕ್ಕೆ ಗೆದ್ದದ್ದು ನನ್ನ ಜಾಣ್ಮೆಯೋ ಅಥವಾ ಗೆಲ್ಲದಿದ್ದರೂ ನಡೆಯುತ್ತಿತ್ತೋ ಎಂಬ ಸಂದೇಹ ಹೊಕ್ಕಿತು. ರಸ್ತೆಗಳು ನಕ್ಷೆಯ ಗೆರೆಗಳಾಗಿ ಉಳಿದವು. ನಕ್ಷೆಯನ್ನಾದರೆ ಹಗಲು ಸಂಬಳಕ್ಕೆ ಬರೆಯುತ್ತೇನಲ್ಲ.

ಇದು ನನ್ನ ಮೂಗಿನ ನೇರದ ವಾದವೆಂದು ಯಾರಾದರೂ ಹೇಳಬಹುದು. ಚೆಂದದ ಊರುಗಳ ಚಿತ್ರ ತೆಗೆಯುವುದಕ್ಕಷ್ಟೇ ಈ ಆಟ ಆಡುವವರು ಸಾವಿರಾರು ಮಂದಿ ಇದ್ದಾರೆ, ಅವರಿಗೆ ಖಜಾನೆಯ ಗೊಡವೆಯೇ ಇಲ್ಲ; ಮೊದಲ ಆಟದಲ್ಲೂ ಅಳೆಯಲಾಗದ ಹಣ ಕೊಡುವ ಸೌಲಭ್ಯವಿತ್ತು. ಇತ್ತು, ಆದರೆ ಅದು ಆಟಗಾರ ತಾನಾಗಿ ಒತ್ತಬೇಕಾದ ಗುಂಡಿಯಾಗಿತ್ತು. ಒತ್ತಿದವನಿಗೆ ತಾನು ಒತ್ತಿದ್ದೇನೆಂದು ಗೊತ್ತಿರುತ್ತಿತ್ತು. ಇಲ್ಲಿ ಅದು ಕೇಳದೆಯೇ ಬಂದು ಲೆಕ್ಕಪುಸ್ತಕದಲ್ಲಿ ಕೂತಿತ್ತು.

ಬಾಡಿಗೆಯ ಪ್ರಕರಣವನ್ನು ಹೇಳದಿದ್ದರೆ ಬೆಂಗಳೂರಿನ ಗೆಳೆಯರು ಕ್ಷಮಿಸುವುದಿಲ್ಲ. ಈ ಆಟದ ಊರುಗಳಲ್ಲಿ ಮನೆಗಳ ಮೇಲೆ ಬಾಡಿಗೆ ವಿಪರೀತವಾಯಿತೆಂಬ ದೂರಿನ ಗುರುತು ಏಳುತ್ತಿತ್ತು. ಒಂದು ಮನೆಯ ಮೇಲೆ ಎದ್ದರೆ ಸಂಜೆಯ ಹೊತ್ತಿಗೆ ಇಡೀ ಬಡಾವಣೆಯ ಮೇಲೆ. ಹೊಸ ಮನೆಗಳನ್ನು ಕಟ್ಟಿಕೊಟ್ಟರೂ, ಪಾರ್ಕು ಕೊಟ್ಟರೂ ಕಡಿಮೆಯಾಗದು; ಪಾರ್ಕು ಕೊಟ್ಟರೆ ಜಾಗದ ಬೆಲೆಯೇರಿ ದೂರು ಹೆಚ್ಚಾಗುತ್ತಿತ್ತು. ಇದರಲ್ಲೇನೂ ಸುಳ್ಳಿಲ್ಲವಲ್ಲ ಎಂದು ಬೆಂಗಳೂರಿನಲ್ಲಿರುವ ಗೆಳೆಯನೊಬ್ಬ ಹೇಳಿದ. 2024ರ ಜೂನಿನಲ್ಲಿ ಆಟದ ಅರ್ಥವ್ಯವಸ್ಥೆಯನ್ನೇ ತಿದ್ದಿದ ದೊಡ್ಡ ಅಪ್‌ಡೇಟು ಬಂದಾಗ ಇದಕ್ಕೆ ಸಿಕ್ಕ ಪರಿಹಾರವನ್ನು ಓದಿ ಅವನು ಫೋನ್ ಮಾಡಿ ನಕ್ಕ: ಲೆಕ್ಕದೊಳಗೆ ಅಡಗಿದ್ದ ಮನೆ ಮಾಲೀಕನನ್ನೇ ತೆಗೆದುಹಾಕಿ, ಕಟ್ಟಡದ ನಿರ್ವಹಣೆಯ ಖರ್ಚನ್ನು ಬಾಡಿಗೆದಾರರಿಗೆ ಸಮನಾಗಿ ಹಂಚಿದ್ದರು. "ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವನಿಗೆ ಇದಕ್ಕಿಂತ ಶುಭಸುದ್ದಿ ಬೇರೆ ಏನು ಬೇಕು ಮಾರಾಯ" ಎಂದ.

ಆ ಜೂನಿಗಿಂತ ಮುಂಚೆ ಮಾರ್ಚಿನಲ್ಲಿ ಇನ್ನೊಂದು ಎಡವಟ್ಟಾಗಿತ್ತು. ಮೂಲ ಆಟದ ರೋಗಗಳೇ ವಾಸಿಯಾಗದಿರುವಾಗ ಸಮುದ್ರತೀರದ ಕೆಲವು ಮನೆಗಳ ಒಂದು ಹೆಚ್ಚುವರಿ ಕಂತನ್ನು ಬೇರೆಯೇ ಬೆಲೆಗೆ ಮಾರಾಟಕ್ಕಿಟ್ಟರು. ಜನ ಬೈದ ಬೈಗುಳಕ್ಕೆ ಮೂರೇ ವಾರಗಳಲ್ಲಿ ಕೊಲಾಸಲ್ ಆರ್ಡರ್ ಮತ್ತು ಪ್ರಕಾಶಕರಾದ ಪ್ಯಾರಡಾಕ್ಸ್ ಜಂಟಿಯಾಗಿ ಬಹಿರಂಗ ಪತ್ರ ಬರೆದು ಕ್ಷಮೆ ಕೋರಿ, ಹಣ ಹಿಂತಿರುಗಿಸಿ, ಆ ಕಂತನ್ನು ಎಲ್ಲರಿಗೂ ಉಚಿತ ಮಾಡಿದರು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ಉಮೇದು ನನಗಿಲ್ಲ. ಮಾಡ್‌ಗಳ ವಿಷಯದಲ್ಲಿ ಮಾತ್ರ ನನ್ನ ಸಿಟ್ಟು ಇನ್ನೂ ಆರಿಲ್ಲ. ಮೊದಲ ಆಟವನ್ನು ಎಂಟು ವರ್ಷ ಬದುಕಿಸಿದ್ದು ಆಟಗಾರರೇ ಮಾಡಿ ಹಂಚಿದ ಮಾಡ್‌ಗಳು, ಕಟ್ಟಡಗಳು. ಎರಡನೆಯ ಆಟ ಬಿಡುಗಡೆಯಾದಾಗ ಅಧಿಕೃತವಾಗಿ ಮಾಡ್‌ಗಳಿಗೆ ಜಾಗವೇ ಇರಲಿಲ್ಲ. ಮಾರ್ಚಿನಲ್ಲಿ ಬಂದಾಗಲೂ ಹಳೆಯ ಸ್ಟೀಮ್ ವರ್ಕ್‌ಶಾಪ್ ಬಿಟ್ಟು ಪ್ರಕಾಶಕರ ಸ್ವಂತ ತಾಣಕ್ಕೆ ಸ್ಥಳಾಂತರವಾಗಿತ್ತು, ಸ್ವಂತ ಕಟ್ಟಡಗಳನ್ನು ಮಾಡಿ ಸೇರಿಸುವ ಸೌಲಭ್ಯವಂತೂ ಬಹಳ ಕಾಲ ಬರಲೇ ಇಲ್ಲ. ನಡುರಸ್ತೆಯ ಬಸ್ ನಿಲ್ದಾಣವನ್ನು ಮಾಡಿಟ್ಟ ಆ ಅಪರಿಚಿತನನ್ನು ನಾನು ಹೊಸ ಊರಿನಲ್ಲಿ ಎಷ್ಟೋ ದಿನ ಹುಡುಕಿದೆ. ನನ್ನ ಚಿಗರಿ ಬಸ್ಸುಗಳು ಎಲ್ಲ ಬಸ್ಸುಗಳ ಹಾಗೆ ಎಡಗಡೆಯ ಪಾದಚಾರಿ ಮಾರ್ಗಕ್ಕೆ ತಾಗಿ ನಿಂತು ಎಡಬಾಗಿಲಿನಿಂದ ಜನರನ್ನು ಇಳಿಸುತ್ತಿದ್ದವು. ಸೈಕಲ್ಲೂ ಇರಲಿಲ್ಲ. ಮೊದಲ ಆಟದಲ್ಲಿ 2015ರಲ್ಲೇ ಬಂದಿದ್ದ ಸೈಕಲ್ಲು 2023ರ ಊರಿನಲ್ಲಿ ಇರಲಿಲ್ಲ.

ಇಲ್ಲಿ ನನ್ನ ತಕ್ಕಡಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ನಾನು ಹೊಸ ಆಟವನ್ನು ತೂಗಿದ್ದು 2015ರ ಮಾರ್ಚಿನ ಆಟದ ಎದುರಲ್ಲ. ಆ ಮಾರ್ಚಿನ ಆಟದಲ್ಲಿ ಸೈಕಲ್ಲೂ ಇರಲಿಲ್ಲ, ಹಗಲು–ರಾತ್ರಿಯೂ ಇರಲಿಲ್ಲ, ಟ್ರಾಮೂ ಇರಲಿಲ್ಲ. ನಾನು ಎದುರಿಗಿಟ್ಟದ್ದು ಎಂಟು ವರ್ಷಗಳ ಹೆಚ್ಚುವರಿ ಕಂತುಗಳು, ಸಾವಿರಾರು ಜನರ ಮಾಡ್‌ಗಳು, ನನ್ನ ರಾತ್ರಿಗಳು, ಎಲ್ಲ ಸೇರಿ ಆದ ಒಂದು ಆಟವನ್ನು. ಹದಿನೈದು ವರ್ಷ ಸಂಸಾರ ಮಾಡಿದ ಮನೆಯ ಎದುರು ಹೊಸ ಬಾಡಿಗೆ ಮನೆಯನ್ನು ನಿಲ್ಲಿಸಿ ಇಲ್ಲಿ ತುಳಸಿಕಟ್ಟೆ ಎಲ್ಲಿ ಎಂದು ಕೇಳಿದಂತೆ. ಯಾವ ಉತ್ತರಭಾಗಕ್ಕೂ ಈ ಪರೀಕ್ಷೆ ಕಷ್ಟವೇ. ಇಷ್ಟನ್ನು ಒಪ್ಪಿದ ಮೇಲೂ ಅನುದಾನದ ಸಾಲಿಗೆ ಮಾಫಿ ಕೊಡಲು ನನಗೆ ಮನಸ್ಸಾಗುವುದಿಲ್ಲ. ತುಳಸಿಕಟ್ಟೆಯನ್ನು ಆಮೇಲೆ ಕಟ್ಟಿಕೊಳ್ಳಬಹುದು. ಗೋಡೆ ಭಾರ ಹೊರುತ್ತದೆಯೋ ಇಲ್ಲವೋ ಎಂಬುದು ಗೃಹಪ್ರವೇಶದ ದಿನವೇ ಗೊತ್ತಿರಬೇಕಾದ ಸಂಗತಿ.

2025ರ ನವೆಂಬರಿನಲ್ಲಿ ಕೊಲಾಸಲ್ ಆರ್ಡರ್ ಮತ್ತು ಪ್ಯಾರಡಾಕ್ಸ್ ಬೇರೆಯಾಗುವುದೆಂದೂ, ಮುಂದಿನ ವರ್ಷದಿಂದ ಈ ಆಟದ ಹೊಣೆ ಐಸ್‌ಫ್ಲೇಕ್ ಎಂಬ ಇನ್ನೊಂದು ಸ್ಟುಡಿಯೋಗೆ ಹೋಗುವುದೆಂದೂ ಪ್ರಕಟವಾಯಿತು. ಅದೂ ಟಾಂಪೆರೆಯದೇ. ಆ ಸುದ್ದಿ ಓದಿದಾಗ ನನಗೆ ಮ್ಯಾಕ್ಸಿಸ್ ನೆನಪಾಯಿತು. 2015ರಲ್ಲಿ ಆ ಬಾಗಿಲು ಮುಚ್ಚಿದಾಗ ಮುಂದಿನ ವಾರವೇ ಇನ್ನೊಂದು ತೆರೆದಿತ್ತು, ಈ ಸಲ ಅಂಥ ಬಾಗಿಲು ಸುತ್ತಮುತ್ತ ಎಲ್ಲೂ ಕಾಣಿಸಲಿಲ್ಲ.

ಆದರೆ ಆ 2024ರ ಜೂನಿನ ಒಂದು ರಾತ್ರಿಯನ್ನು ಬರೆಯದೆ ಈ ಲೆಕ್ಕ ಮುಗಿಯದು. ಮನೆ ಮಾಲೀಕನನ್ನು ತೆಗೆದ ಅದೇ ಅಪ್‌ಡೇಟು ಸರ್ಕಾರಿ ಅನುದಾನವನ್ನೂ ತೆಗೆದಿತ್ತು, ಕೊಂಡುಕೊಂಡ ಚೌಕಗಳಿಗೆ ತಿಂಗಳ ಖರ್ಚನ್ನೂ ಹಚ್ಚಿತ್ತು. ಆರು ತಿಂಗಳಿಂದ ತೆರೆಯದೆ ಬಿಟ್ಟಿದ್ದ ನನ್ನ ನಲವತ್ತು ಸಾವಿರ ಜನರ ಊರನ್ನು ತೆರೆದೆ. ವಿಶ್ವವಿದ್ಯಾಲಯ ಹಾಗೆಯೇ ನಿಂತಿತ್ತು, ಕೆರೆಯ ಸುತ್ತ ಖಾಲಿ ಮೆಟ್ರೋ ಓಡುತ್ತಿತ್ತು, ಕೆಳಗೆ ಮೂಲೆಯಲ್ಲಿ ಖಜಾನೆಯ ಮೊತ್ತ ಮಳೆಗಾಲದ ಚಾವಣಿಯ ಹಾಗೆ ಸೋರಲಾರಂಭಿಸಿತು. ಹತ್ತು ನಿಮಿಷದಲ್ಲಿ ಕೆಂಪಕ್ಷರ ಬಂತು. ಮೆಟ್ರೋ ಕಿತ್ತೆ, ಸಾಲದು. ತೆರಿಗೆ ಏರಿಸಿದೆ, ಕೆಲವರು ಊರು ಬಿಟ್ಟರು, ಆದಾಯ ಇನ್ನೂ ಇಳಿಯಿತು. ಸಾಲ ತೆಗೆದೆ. ನೀರು ಕುಡಿಯಲು ಎದ್ದು ಬಂದ ತಮ್ಮ ಪರದೆಯನ್ನೂ ನನ್ನ ಮುಖವನ್ನೂ ನೋಡಿ, "ಊರು ಮುಳುಗಾಕತ್ತೈತಿ, ನೀ ಯಾಕ ನಗಾಕತ್ತೀಯೋ ಅಣ್ಣಾ?" ಎಂದ. ಅವನಿಗೆ ಪಕ್ಕದಲ್ಲೊಂದು ಕುರ್ಚಿ ಎಳೆದುಕೊಟ್ಟು, ನವಲೂರಿನ ಶಾಲೆ ಮುಚ್ಚಬೇಕೋ ಉಣಕಲ್ಲಿನ ಬಸ್ಸು ನಿಲ್ಲಿಸಬೇಕೋ ಎಂದು ಇಬ್ಬರೂ ಎರಡು ಗಂಟೆಯವರೆಗೆ ವಾದಿಸಿದೆವು. ಕೊನೆಗೆ ಬಸ್ಸುಗಳನ್ನು ಅರ್ಧಕ್ಕಿಳಿಸಿದೆವು.